ಮಾಂಡವಿ ನೀರಿನ ಕಬ್ಬಿಣ: ಸೋಸುವುದು ಮೊದಲು, ಆಸಿಡ್ ಆಮೇಲೆ

ಖಾನಾಪುರದ ಕಾಡಿನಿಂದ ಇಳಿಯುವ ನಮ್ಮ ಮಹದಾಯಿಯೇ ಗೋವಾದಲ್ಲಿ ಮಾಂಡವಿ. ಮಳೆಗಾಲದಲ್ಲಿ ನೀರು ಕೆಂಪಗಾದರೆ ಕಬ್ಬಿಣ ಕರಗಿದೆ ಅಂದುಕೊಳ್ಳುವವರೇ ಹೆಚ್ಚು. ಆ ಕೆಂಪು ಬಹುಪಾಲು ಹೂಳು. ಜಂಬಿಟ್ಟಿಗೆ ಮಣ್ಣಿನಿಂದ, ಗಣಿಯ ಮಣ್ಣುರಾಶಿಗಳಿಂದ ತೊಳೆದು ಬಂದದ್ದು. 0.45 ಮೈಕ್ರಾನ್ ಮೆಂಬ್ರೇನ್ ಫಿಲ್ಟರ್ ದಾಟಿದ್ದಷ್ಟೇ ಲೆಕ್ಕದಲ್ಲಿ ಕರಗಿದ ಕಬ್ಬಿಣ.

ಅದಕ್ಕೇ ದಡದಲ್ಲೇ ಸೋಸುತ್ತೇನೆ. ಸೋಸದೆ ಆಸಿಡ್ ಹಾಕಿದರೆ ಹೂಳಿನ ಕಬ್ಬಿಣವೂ ಕರಗಿ, ಜುಲೈ ಅಂಕಿ ಸುಳ್ಳೇ ಏರುತ್ತದೆ. ಬಾಟಲಿಗಳನ್ನು ಹಿಂದಿನ ರಾತ್ರಿ 10% ನೈಟ್ರಿಕ್ ಆಸಿಡ್‌ನಲ್ಲಿ ನೆನೆಹಾಕಿ ತೊಳೆದಿರಬೇಕು. 50 ಮಿ.ಲೀ. ಸಿರಿಂಜ್‌ನಿಂದ ಸೋಸಿ, ಮೊದಲ 20 ಮಿ.ಲೀ. ಚೆಲ್ಲಿ, ಮುಂದಿನ 100 ಮಿ.ಲೀ.ಗೆ 0.2 ಮಿ.ಲೀ. ಗಟ್ಟಿ ನೈಟ್ರಿಕ್ ಆಸಿಡ್ ಹಾಕುತ್ತೇನೆ. ಪಿಎಚ್ 2ಕ್ಕಿಂತ ಕೆಳಗಿಳಿಯಬೇಕು. ಮಳೆಗಾಲದಲ್ಲಿ ಬಿಳಿ ಫಿಲ್ಟರ್ ನೋಡನೋಡುತ್ತಲೇ ಇಟ್ಟಿಗೆ ಬಣ್ಣಕ್ಕೆ ತಿರುಗಿ ಕಟ್ಟಿಕೊಳ್ಳುತ್ತದೆ. ಬಲವಾಗಿ ಒತ್ತಿದರೆ ಫಿಲ್ಟರ್ ಹರಿದುಹೋಗುತ್ತದೆ, ಹರಿದುಹೋಗದಿದ್ದರೂ ರಂಧ್ರ ಕಿರಿದಾಗಿ ಸಣ್ಣ ಕಣಗಳನ್ನೂ ತಡೆದು ಅಂಕಿ ಇಳಿಸುತ್ತದೆ. ಸಿರಿಂಜ್ ಬಿಗಿಯಾದ ಕೂಡಲೇ ಫಿಲ್ಟರ್ ಬದಲಿಸಿ.

ಮೊದಲ ಮಳೆಗೆ ತರಗೆಲೆಯ ಚಹಾ ಬಣ್ಣದ ರಸ ಇಳಿಯುತ್ತದೆ. ಅದರ ಸಾವಯವ ಆಮ್ಲಗಳು ಕಬ್ಬಿಣವನ್ನು ಹಿಡಿದು ತರುವುದರಿಂದ, ಆಗ 0.2 ಮೈಕ್ರಾನ್‌ನಲ್ಲೂ ಒಂದು ಸೋಸಿಡುವುದು ಒಳ್ಳೆಯದು. ಎರಡು ಅಂಕಿಗಳ ಅಂತರ ಕಲಿಲ ಕಬ್ಬಿಣದ, ಅಂದರೆ ಕರಗದೆ ನೀರಿನಲ್ಲಿ ತೇಲುವ ಅತಿಸೂಕ್ಷ್ಮ ಕಣಗಳ, ಒಂದು ಭಾಗ.

ಬೇಸಿಗೆಯ ಕಥೆಯೇ ಬೇರೆ. ಬಂಧಾರದ (ಹೊಳೆಗೆ ಕಟ್ಟಿದ ಸಣ್ಣ ಒಡ್ಡಿನ) ಹಿಂದಿನ ಮಡುಗಳ ತಳದಲ್ಲಿ ಆಮ್ಲಜನಕ ತೀರಿದರೆ ಕೆಸರಿನಲ್ಲಿರುವ, ಸುಲಭವಾಗಿ ಕರಗದ ಫೆರಿಕ್ ಕಬ್ಬಿಣ ಕರಗಬಲ್ಲ ಫೆರಸ್ ರೂಪಕ್ಕೆ ತಿರುಗಿ ನೀರಿಗಿಳಿಯುತ್ತದೆ. ಮೇಲಿನ ನೀರಿನಲ್ಲಿ ಇದು ಸಿಗುವುದಿಲ್ಲ. ತಳದಿಂದ ಅರ್ಧ ಅಡಿ ಮೇಲೆ, ನೈಲಾನ್ ಹಗ್ಗಕ್ಕೆ ಕಟ್ಟಿದ ಪ್ಲಾಸ್ಟಿಕ್ ಸ್ಯಾಂಪ್ಲರ್ ಇಳಿಸಿ (ಕಬ್ಬಿಣದ ಸರಪಳಿ ಬೇಡವೇ ಬೇಡ), ಅದರ ನಳಿಕೆಯಿಂದಲೇ ಗುಳ್ಳೆ ಸೇರದಂತೆ ಸಿರಿಂಜ್ ತುಂಬಿಕೊಳ್ಳಬೇಕು. ಗಾಳಿ ಸೋಕಿದರೆ ತಿಳಿನೀರು ಕದಡಿ ತುಕ್ಕು ಕೂರುತ್ತದೆ, ಫಿಲ್ಟರ್ ಅದನ್ನು ಹಿಡಿದುಬಿಡುತ್ತದೆ.

ಕೆಳಹರಿವಿನಲ್ಲಿ ಉಪ್ಪು ಬೆರೆತಲ್ಲಿ ಕಲಿಲ ಕಬ್ಬಿಣ ಗಂಟುಕಟ್ಟಿ ತಳ ಸೇರುತ್ತದೆ. ಆದ್ದರಿಂದ ಇಳಿತದ ಕೊನೆಗೇ ಮಾದರಿ ತೆಗೆದು, ಉಪ್ಪಿನ ಪ್ರಮಾಣ ತೋರಿಸುವ ವಿದ್ಯುತ್ ವಾಹಕತೆಯನ್ನೂ ಬರೆದಿಡುತ್ತೇನೆ. ಅದಿಲ್ಲದೆ ಮೇ ತಿಂಗಳನ್ನು ಆಗಸ್ಟ್‌ಗೆ ಹೋಲಿಸಲಾಗದು.

ಅಳೆಯುವುದು ಫೆನಾಂತ್ರೊಲಿನ್ ವಿಧಾನದಲ್ಲಿ; ಇದು ಕಬ್ಬಿಣದೊಡನೆ ಸೇರಿ ಕಿತ್ತಳೆ ಬಣ್ಣ ಕೊಡುವ ರಾಸಾಯನಿಕ. 50 ಮಿ.ಲೀ. ಮಾದರಿಗೆ 2 ಮಿ.ಲೀ. ಗಟ್ಟಿ ಹೈಡ್ರೋಕ್ಲೋರಿಕ್ ಆಸಿಡ್, 1 ಮಿ.ಲೀ. ಹೈಡ್ರಾಕ್ಸಿಲಮಿನ್ ದ್ರಾವಣ ಹಾಕಿ 15–20 ಮಿ.ಲೀ.ಗೆ ಕುದಿಸಿ ಇಳಿಸಬೇಕು. ಆರಿದ ಮೇಲೆ 10 ಮಿ.ಲೀ. ಅಸಿಟೇಟ್ ಬಫರ್, 4 ಮಿ.ಲೀ. ಫೆನಾಂತ್ರೊಲಿನ್, 100 ಮಿ.ಲೀ.ಗೆ ತುಂಬಿಸಿ, 15 ನಿಮಿಷ ಬಿಟ್ಟು 510 ನ್ಯಾನೋಮೀಟರ್‌ನಲ್ಲಿ ಬೆಳಕಿನ ಹೀರಿಕೆ ಓದಬೇಕು. ಲೀಟರಿಗೆ 0.1 ಮಿ.ಗ್ರಾಂ ಇದ್ದರೆ 1 ಸೆಂ.ಮೀ. ಕುವೆಟ್‌ನಲ್ಲಿ (ಮಾದರಿ ತುಂಬುವ ಪಾರದರ್ಶಕ ಕೋಶ) ಹೀರಿಕೆ ಸುಮಾರು 0.01 ಅಷ್ಟೇ ತೋರುತ್ತದೆ, 5 ಸೆಂ.ಮೀ.ಯದೇ ಬೇಕು. ಡಿಸ್ಟಿಲ್ಡ್ ನೀರನ್ನೂ ನದಿಗೆ ಒಯ್ದು, ಅಲ್ಲೇ ಸೋಸಿ, ಬ್ಲ್ಯಾಂಕ್ (ಹೋಲಿಕೆಗೆ ಕಬ್ಬಿಣವಿಲ್ಲದ ಮಾದರಿ) ಆಗಿ ಓದಿ. ಅದರಲ್ಲಿ ಕಿತ್ತಳೆ ಛಾಯೆ ಕಂಡರೆ ಅಂದಿನ ಮಾದರಿಗಳನ್ನೆಲ್ಲ ಚೆಲ್ಲಿ ಮತ್ತೆ ತೆಗೆಯಬೇಕು.