ಆನೆಗೊಂದಿ–ಸಾಣಾಪುರ: ಎಲ್ಲರೂ ತುಳಿಯಬಹುದಾದ ಮಣ್ಣುದಾರಿಗಳು

ತುಂಗಭದ್ರಾ ನದಿಯ ದಡದಲ್ಲಿ, ಹಂಪಿಯ ಎದುರಿಗಿರುವ ಆನೆಗೊಂದಿಯಿಂದ ಪಶ್ಚಿಮಕ್ಕೆ ಸಾಣಾಪುರದ ಕಡೆ ಸೈಕಲ್ಲಿನಲ್ಲಿ ಹೊರಟರೆ ಸುಮಾರು ಹತ್ತು ಕಿಲೋಮೀಟರ್ ಒಳಗೇ ಮೂರು ಬಗೆಯ ನೆಲ ಸಿಗುತ್ತದೆ: ಗದ್ದೆ ಬಯಲು, ಕಾಲುವೆ ದಂಡೆ, ಬಂಡೆಗುಡ್ಡ. ಎರಡನೇ ತರಗತಿಯ ಮಗು, ಮಂಡಿನೋವಿನ ಹಿರಿಯರು, ವಾರವಿಡೀ ಸೈಕಲ್ ತುಳಿಯುವ ಹುಡುಗರು ಎಲ್ಲರೂ ಒಂದೇ ಊರಲ್ಲಿ ಉಳಿದು, ಬೆಳಿಗ್ಗೆ ತಮತಮಗೆ ತಕ್ಕ ದಾರಿ ಹಿಡಿದು, ತಿಂಡಿ ಹೊತ್ತಿಗೆ ಮತ್ತೆ ಕೂಡಬಹುದು. ಇಷ್ಟು ಅನುಕೂಲದ ಜಾಗ ಕರ್ನಾಟಕದಲ್ಲಿ ನಾನು ಬೇರೆ ಕಂಡಿಲ್ಲ. ಗುಂಪುಗಳನ್ನು ಇಲ್ಲಿಗೆ ಕರೆದೊಯ್ಯುವಾಗ ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ದಾರಿ ಸುಲಭವೋ ಕಷ್ಟವೋ ಎಂದು ಕಿಲೋಮೀಟರ್ ಲೆಕ್ಕದಲ್ಲಿ ಅಳೆಯುವುದನ್ನು ಮೊದಲು ಬಿಡಬೇಕು. ಗಟ್ಟಿ ಮಣ್ಣಿನಲ್ಲಿ ಹನ್ನೆರಡು ಕಿಲೋಮೀಟರ್ ಹೋದವರು ಸಡಿಲ ಮರಳಿನಲ್ಲಿ ಎರಡಕ್ಕೇ ಸೋಲುತ್ತಾರೆ. ನಾನು ನೋಡುವುದು ಮೂರನ್ನು: ಚಕ್ರದ ಕೆಳಗೆ ಏನಿದೆ, ದಾರಿಯ ಅಗಲ ಎಷ್ಟು, ಸಾಕೆನಿಸಿದವರು ಡಾಂಬರು ರಸ್ತೆ ಮುಟ್ಟಲು ಎಷ್ಟು ದೂರ. ಮೊದಲ ಸಲ ಮಣ್ಣುದಾರಿಗೆ ಬರುವವರಿಗೆ ಕೊನೆಯದೇ ಮುಖ್ಯ. ಅವರ ದಾರಿಯ ಯಾವ ಬಿಂದುವಿನಿಂದಲೂ ಡಾಂಬರು ಒಂದೂವರೆ ಕಿಲೋಮೀಟರಿಗಿಂತ ದೂರ ಇರಬಾರದು. ಅಷ್ಟನ್ನು ಸೈಕಲ್ ತಳ್ಳಿಕೊಂಡೇ ಹೋಗಬಹುದು.

ಹೊಸಬರಿಗೆ ಆನೆಗೊಂದಿಯ ಗಗನಮಹಲ್ ಬಳಿಯಿಂದ ಹೊರಟು ಬಾಳೆತೋಟ, ಗದ್ದೆಗಳ ನಡುವಿನ ಬಂಡಿದಾರಿಗಳು ಸಾಕು. ಏರು ಇಲ್ಲವೇ ಇಲ್ಲ ಎನ್ನಬಹುದು. ಬಾಡಿಗೆಗೆ ಸಿಗುವ ಗೇರಿಲ್ಲದ ಸೈಕಲ್ಲೂ ನಡೆಯುತ್ತದೆ. ಆದರೆ ತೆಗೆದುಕೊಳ್ಳುವ ಮುಂಚೆ ಎರಡೂ ಬ್ರೇಕ್ ಹಿಡಿದು ಮುಂದಕ್ಕೆ ತಳ್ಳಿ ನೋಡಿ, ಚಕ್ರದ ನಟ್‌ಗಳನ್ನು 15 ಎಂಎಂ ಸ್ಪಾನರ್‌ನಲ್ಲಿ ಬಿಗಿ ಮಾಡಿ. ಎರಡನೆಯ ಹಂತ ಹನುಮನಹಳ್ಳಿ, ಸಾಣಾಪುರ ಕಡೆಯ ಕಾಲುವೆ ದಂಡೆಗಳು. ಮೂರನೆಯದು ಸಾಣಾಪುರ ಸುತ್ತಲಿನ ಬಂಡೆಗುಡ್ಡಗಳ ಕಾಲುದಾರಿ. ಇದಕ್ಕೆ ಗೇರು, ಮುಂದಿನ ಸಸ್ಪೆನ್ಷನ್, 2.1 ಇಂಚಿಗೆ ಕಡಿಮೆಯಿಲ್ಲದ ಟೈರು ಬೇಕು.

ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗೆ ಕಾಲ ಚೆನ್ನ. ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಬಂಡೆ ಹೀರಿದ ಕಾವು ಸಂಜೆಯಾದರೂ ಇಳಿಯುವುದಿಲ್ಲ. ಭತ್ತದ ಕೊಯ್ಲು ಜೋರಾದಾಗ ಯಂತ್ರಗಳು ಹಸಿ ದಾರಿಯನ್ನು ಉತ್ತು ಹಾಕಿರುತ್ತವೆ, ರಸ್ತೆ ಮೇಲೆಲ್ಲ ಭತ್ತ ಒಣಹಾಕಿರುತ್ತಾರೆ. ಅದರ ಮೇಲೆ ಸೈಕಲ್ ಹತ್ತಿಸಬೇಡಿ. ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲ ಮಳೆ ನಿಂತ ಮರುದಿನವೇ ಸೈಕಲ್ಲಿಗೆ ಸಿದ್ಧ. ಎರೆ, ಅಂದರೆ ಕಪ್ಪು ಮಣ್ಣಿನ ನೆಲ ಹಾಗಲ್ಲ. ಹಸಿ ಎರೆ ಟೈರಿಗೆ ಮೆತ್ತಿ, ಅದರ ಮೇಲೆ ಹುಲ್ಲು ಅಂಟಿ, ಫೋರ್ಕಿಗೂ ಚಕ್ರಕ್ಕೂ ನಡುವಿನ ಸಂದು ಮುಚ್ಚಿಕೊಂಡು ಚಕ್ರ ನಿಂತೇಬಿಡುತ್ತದೆ. ಆಗ ಬಲ ಹಾಕಿ ತುಳಿದರೆ ಗೇರು ಬದಲಿಸುವ ಹಿಂದಿನ ಡಿರೇಲರ್ ಎಳೆದುಕೊಂಡು ಚಕ್ರದ ಕಡ್ಡಿಗಳಿಗೆ ಸಿಕ್ಕಿ, ಅದನ್ನು ಹಿಡಿದಿರುವ ಹ್ಯಾಂಗರ್ ಮುರಿಯುತ್ತದೆ. ಇಳಿದು ಮರದ ಕಡ್ಡಿಯಿಂದ ಮಣ್ಣನ್ನು ಕೆರೆದು ತೆಗೆಯಿರಿ, ಇಲ್ಲವೇ ಹೊತ್ತು ನಡೆಯಿರಿ. ಎರಡು ದಿನ ಒಣಗಲು ಬಿಡುವುದು ಇನ್ನೂ ಒಳ್ಳೆಯದು.

ಇನ್ನು ಮುಳ್ಳು. ಈ ಸೀಮೆಯಲ್ಲಿ ಸವಾರಿ ಕೆಡಿಸುವ ಮೊದಲ ಕಾರಣ ಇದೇ. ಬಳ್ಳಾರಿ ಜಾಲಿ ಕಾಲುವೆ ದಂಡೆ, ಬೀಳು ಜಮೀನು, ಹಳ್ಳದ ಬದಿ ಎಲ್ಲೆಲ್ಲೂ ಇದೆ. ಬೇಲಿಗೆಂದು ಕಡಿದು ಎಳೆದುಕೊಂಡು ಹೋದ ಕೊಂಬೆಗಳಿಂದ ಮುಳ್ಳು ದಾರಿಯುದ್ದಕ್ಕೂ ಉದುರಿರುತ್ತದೆ. ನೆಲಕ್ಕೆ ಅಂಟಿಕೊಂಡು ಬೆಳೆಯುವ ನೆಗ್ಗಿಲಮುಳ್ಳು ದಾರಿಯ ಅಂಚಿನಲ್ಲಿರುತ್ತದೆ. ಎದುರಿನ ಟ್ರ್ಯಾಕ್ಟರಿಗೆ ಜಾಗ ಬಿಡಲು ಹುಲ್ಲಿಗೆ ಇಳಿದ ಕ್ಷಣವೇ ಅದು ಹತ್ತುತ್ತದೆ. ಹಾಗಾಗಿ ಗುಂಪಿಗೆ ನನ್ನ ಮೊದಲ ಮಾತು: ಚಕ್ರ ಓಡಾಡಿ ನಯವಾದ ಜಾಡಿನಲ್ಲೇ ಇರಿ, ಪಕ್ಕಕ್ಕೆ ಸರಿಯಬೇಕಾದರೆ ಇಳಿದು, ಸೈಕಲ್ ಎತ್ತಿ ಸರಿಯಿರಿ.

ಪಂಕ್ಚರ್ ಆದಾಗ ಬಹಳ ಜನ ಟ್ಯೂಬ್ ಬದಲಿಸಿ ಗಾಳಿ ತುಂಬಿ ಹೊರಡುತ್ತಾರೆ, ಐದು ನಿಮಿಷಕ್ಕೆ ಮತ್ತೆ ಗಾಳಿ ಇಳಿಯುತ್ತದೆ. ಜಾಲಿಮುಳ್ಳಿನ ತುದಿ ಟೈರಿನೊಳಗೆ ಮುರಿದು ಉಳಿದಿರುವುದೇ ಕಾರಣ. ಹೊರಗಿನಿಂದ ನೋಡಿದರೆ ಕಪ್ಪು ಚುಕ್ಕೆ ಅಷ್ಟೇ. ಬೆರಳಾಡಿಸಿದರೂ ಸಿಗದು, ಗಾಳಿಯ ಒತ್ತಡ ಬಿದ್ದಾಗ ಮಾತ್ರ ಒಳಕ್ಕೆ ಚುಚ್ಚುತ್ತದೆ. ನಾನು ಮಾಡುವುದು ಹೀಗೆ. ಟ್ಯೂಬ್ ಹೊರತೆಗೆಯುವ ಮುಂಚೆ ಟೈರಿನ ಮೇಲಿನ ಹೆಸರು ವಾಲ್ವಿನ ಯಾವ ಕಡೆಗಿದೆ ಎಂದು ಗುರುತಿಟ್ಟುಕೊಳ್ಳುತ್ತೇನೆ. ಟ್ಯೂಬಿಗೆ ಗಾಳಿ ತುಂಬಿ ತೂತು ಹುಡುಕಿ, ವಾಲ್ವಿನಿಂದ ಅದರ ದೂರವನ್ನು ಟೈರಿನ ಮೇಲೆ ಅಳೆದರೆ ಮುಳ್ಳಿನ ಜಾಗ ಸಿಗುತ್ತದೆ. ಟೈರನ್ನು ಅಲ್ಲಿ ಒಳಹೊರಗು ಮಡಚಿ ಹಿಡಿದರೆ ತುದಿ ಮೇಲೇಳುತ್ತದೆ. ಚಿಮುಟದಿಂದ ಎಳೆಯಬೇಕು. ಆಮೇಲೆ ಹತ್ತಿಯ ಉಂಡೆಯನ್ನು ಟೈರಿನ ಒಳಗೆ ಸುತ್ತ ಒಂದು ಸಲ ಎಳೆದರೆ ಬೇರೆ ಮುಳ್ಳಿದ್ದಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ. ತೂತು ಒಂದೇ ಇದ್ದರೆ ಮುಳ್ಳು. ಪಕ್ಕಪಕ್ಕದಲ್ಲಿ ಎರಡು ಸೀಳಿದ್ದರೆ ಗಾಳಿ ಕಡಿಮೆಯಾಗಿ ರಿಮ್ಮು ಕಲ್ಲಿಗೆ ಬಡಿದದ್ದು, ಆಗ ಮುಳ್ಳು ಹುಡುಕುವ ಬದಲು ಗಾಳಿ ಹೆಚ್ಚಿಸಿ.

ಅಂಟಿನ ಸ್ಟಿಕ್ಕರ್ ಪ್ಯಾಚುಗಳು ಇಲ್ಲಿನ ಬಿಸಿಲಿಗೆ ಬಿಟ್ಟುಕೊಳ್ಳುತ್ತವೆ. ಸಲ್ಯೂಷನ್ ಹಚ್ಚುವ ಪ್ಯಾಚೇ ಸರಿ. ಮರಳುಕಾಗದದಿಂದ ಉಜ್ಜಿ, ತೆಳುವಾಗಿ ಸಲ್ಯೂಷನ್ ಹಚ್ಚಿ, ಹೊಳಪು ಹೋಗುವವರೆಗೆ ಕಾದು ಒತ್ತಬೇಕು. ಹಸಿಯಿದ್ದಾಗಲೇ ಅಂಟಿಸಿದರೆ ನಿಲ್ಲುವುದಿಲ್ಲ. ಗುಂಪಿನಲ್ಲಿರುವ ಪ್ರತಿ ಅಳತೆಯ ಚಕ್ರಕ್ಕೂ ಎರಡು ಟ್ಯೂಬ್ ಜೊತೆಗಿರಲಿ, ಮಕ್ಕಳ 20 ಇಂಚಿನದನ್ನು ಮರೆಯಬೇಡಿ. ಹಳ್ಳಿಯ ಪಂಕ್ಚರ್ ಅಂಗಡಿಯ ಪಂಪು ಬೈಕಿನ ದಪ್ಪ ವಾಲ್ವಿಗೆ ಹೊಂದುವಂಥದ್ದು. ನಿಮ್ಮದು ತೆಳು ಪ್ರೆಸ್ಟಾ ವಾಲ್ವಾದರೆ ಹಿತ್ತಾಳೆಯ ಅಡಾಪ್ಟರ್ ಒಂದನ್ನು ವಾಲ್ವಿಗೇ ತಿರುಗಿಸಿಟ್ಟುಕೊಳ್ಳಿ.

ಚಕ್ರವನ್ನು ಟ್ಯೂಬ್‌ಲೆಸ್ (ಒಳಗೆ ಟ್ಯೂಬ್ ಇಲ್ಲದ್ದು) ಮಾಡಿಸಲು ಆಗುವವರು ಮಾಡಿಸಿಕೊಳ್ಳಿ. ಈ ಸೀಮೆಗೆ ಅದಕ್ಕಿಂತ ಒಳ್ಳೆಯ ಖರ್ಚಿಲ್ಲ. 29 ಇಂಚಿನ ಟೈರಿಗೆ ತೂತು ಮುಚ್ಚುವ ದ್ರವ, ಅಂದರೆ ಸೀಲಂಟ್, 100ರಿಂದ 120 ಮಿಲಿಲೀಟರ್ ಬೇಕು. ಕಾವಿಗೆ ಅದು ಬೇಗ ಒಣಗುತ್ತದೆ. ಎರಡು ತಿಂಗಳಿಗೊಮ್ಮೆ ಚಕ್ರವನ್ನು ಕಿವಿಯ ಬಳಿ ಅಲುಗಿಸಿ, ದ್ರವ ಕುಲುಕುವ ಸದ್ದು ಬರದಿದ್ದರೆ 60 ಮಿಲಿಲೀಟರ್ ತುಂಬಿ. ಮುಳ್ಳು ಕಂಡರೆ ಕಿತ್ತು, ತೂತನ್ನು ಕೆಳಕ್ಕೆ ತಿರುಗಿಸಿ ಹಿಡಿದರೆ ತಾನೇ ಮುಚ್ಚಿಕೊಳ್ಳುತ್ತದೆ.

ಗಾಳಿ ಎಷ್ಟಿರಬೇಕು? ಎಪ್ಪತ್ತು ಕೆಜಿ ತೂಕದವರಿಗೆ 2.2 ಇಂಚಿನ ಟ್ಯೂಬ್ ಟೈರಿನಲ್ಲಿ ಮುಂದೆ 28, ಹಿಂದೆ 31 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ). ಟ್ಯೂಬ್‌ಲೆಸ್ ಆದರೆ 22 ಮತ್ತು 25. ತೂಕ ಹತ್ತು ಕೆಜಿ ಹೆಚ್ಚಾದರೆ ಎರಡು ಪಿಎಸ್‌ಐ ಹೆಚ್ಚು. ಅಂಗಡಿಯವರು ಕೈಗೆ ಗಟ್ಟಿಯಾಗುವಷ್ಟು ತುಂಬಿ ಕೊಡುವ ಗಾಳಿಯಲ್ಲಿ ಸೈಕಲ್ ಪ್ರತಿ ಕಲ್ಲಿಗೂ ಪುಟಿಯುತ್ತದೆ. ಹೊಸಬರು ಮಣ್ಣುದಾರಿ ಎಂದರೆ ಕೈ ನೋವು ಎಂದುಕೊಳ್ಳುವುದು ಇದರಿಂದಲೇ. ಸೀಟಿನ ಎತ್ತರವೂ ಹಾಗೆಯೇ. ಪೆಡಲ್ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗುವುದು ರಸ್ತೆಯ ಅಳತೆ. ಇಲ್ಲಿ ಅದಕ್ಕಿಂತ ಎರಡು ಮೂರು ಸೆಂಟಿಮೀಟರ್ ಇಳಿಸಿ. ಹೆದರುವವರಿಗೆ ಎರಡೂ ಕಾಲಿನ ತುದಿ ನೆಲಕ್ಕೆ ಸಿಗುವಷ್ಟು ಇಳಿಸಿ.

ಕಾಲುವೆ ದಂಡೆ ನೋಡಲು ಸಪಾಟು, ಸೊಗಸು: ಒಂದು ಕಡೆ ನೀರು, ಇನ್ನೊಂದು ಕಡೆ ಹಸಿರು, ಆಚೆ ಬಂಡೆಗಳ ರಾಶಿ. ಅಪಾಯ ಇರುವುದೂ ಅಲ್ಲೇ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಬಿಟ್ಟಾಗ ಸೆಳೆತ ಜೋರು. ಕಾಂಕ್ರೀಟಿನ ಇಳಿಜಾರಿನಲ್ಲಿ ಪಾಚಿ ಕಟ್ಟಿರುವುದರಿಂದ ಈಜು ಬಲ್ಲವರಿಗೂ ಹತ್ತಲು ಹಿಡಿತ ಸಿಗುವುದಿಲ್ಲ. ನನ್ನ ಗುಂಪಿನಲ್ಲಿ ಇದಕ್ಕೆ ವಿನಾಯಿತಿ ಇಲ್ಲ: ನೀರಿನಿಂದ ದೂರದ ಅಂಚಿನಲ್ಲಿ ಒಬ್ಬರ ಹಿಂದೆ ಒಬ್ಬರು, ಇಬ್ಬರ ನಡುವೆ ಎರಡು ಸೈಕಲ್ ಅಂತರ. ದಂಡೆ ಎರಡು ಮೀಟರಿಗಿಂತ ಕಿರಿದಾದರೆ ಎಲ್ಲರೂ ಇಳಿದು ನಡೆಯುವುದು. ಹನ್ನೆರಡರ ಒಳಗಿನ ಮಕ್ಕಳನ್ನು ಇಲ್ಲಿಗೆ ತರುವುದೇ ಇಲ್ಲ. ಎದುರಿಗೆ ಕುರಿ ಹಿಂಡು, ಎಮ್ಮೆ ಬಂದರೆ ನೀರಿನ ಕಡೆಗಲ್ಲ, ಗದ್ದೆಯ ಕಡೆಗೆ ಇಳಿದು ನಿಲ್ಲಿ. ಕುರಿಹಟ್ಟಿಯ ನಾಯಿ ಬೊಗಳಿದರೆ ಓಡಿಸಿಕೊಂಡು ಹೋಗಬೇಡಿ. ಇಳಿದು, ಸೈಕಲ್ಲನ್ನು ನಡುವೆ ಹಿಡಿದು ನಿಧಾನ ನಡೆದರೆ ಸಾಕು, ಕುರಿಗಾಹಿ ಕೂಗಿ ಕರೆಯುತ್ತಾರೆ. ಸಾಣಾಪುರ ಕೆರೆಗೆ ಇಳಿಯಬೇಡಿ, ಮೊಸಳೆಗಳಿವೆ. ಗದ್ದೆಯ ಬದುವಿನ ಮೇಲಂತೂ ಚಕ್ರ ಹತ್ತಿಸಲೇಬೇಡಿ. ಬದು ಒಡೆದರೆ ರೈತನ ಗದ್ದೆಯ ನೀರು ಹರಿದುಹೋಗುತ್ತದೆ.

ಬಂಡೆಯ ಮೇಲಿನ ಸವಾರಿ ಹೊರಗಿನಿಂದ ಕಾಣುವಷ್ಟು ಕಷ್ಟವಲ್ಲ. ಒಣ ಗ್ರಾನೈಟು ಟೈರನ್ನು ಮರಳುಕಾಗದದಂತೆ ಹಿಡಿಯುತ್ತದೆ. ನೀರು ಇಳಿದ ಕಪ್ಪು ಪಟ್ಟೆಗಳಲ್ಲಿ ಮಾತ್ರ ಜಾರುತ್ತದೆ. ಇಳಿಜಾರಿನಲ್ಲಿ ಎರಡೂ ಪೆಡಲ್ ಸಮ ಎತ್ತರಕ್ಕೆ ತಂದು ಎದ್ದು ನಿಂತು, ಸೊಂಟ ಹಿಂದಕ್ಕೆ ಸರಿಸಿ, ಎರಡೂ ಬ್ರೇಕನ್ನು ಒಂದೊಂದೇ ಬೆರಳಿನಲ್ಲಿ ಮೆಲ್ಲಗೆ ಒತ್ತಿ ಹಿಡಿಯಬೇಕು. ಬೀಳುವುದು ಹೆಚ್ಚಾಗಿ ಬಂಡೆಯ ಮೇಲಲ್ಲ, ಬಂಡೆ ಮುಗಿದು ಪುಡಿಮರಳು ಶುರುವಾಗುವ ಕಡೆ. ಅಲ್ಲಿ ಮುಂದಿನ ಬ್ರೇಕ್ ಹಿಡಿದಿದ್ದರೆ ಚಕ್ರ ಅಡ್ಡಕ್ಕೆ ಜಾರುತ್ತದೆ. ಬಂಡೆ ಮುಗಿಯುವ ಮುಂಚೆಯೇ ವೇಗ ಇಳಿಸಿ, ಹಗುರ ಗೇರಿಗೆ ಬಂದು, ಬ್ರೇಕ್ ಬಿಟ್ಟು, ಹ್ಯಾಂಡಲ್ ತಿರುಗಿಸದೆ ತುಳಿಯುತ್ತ ಮರಳು ದಾಟಿ. ಗುಡಿ, ಮಂಟಪ, ಹಳೆಯ ಮೆಟ್ಟಿಲು ಇವಕ್ಕೆ ಚಕ್ರ ತಾಗಿಸಬೇಡಿ. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ, ಆನೆಗೊಂದಿಯೂ ಹಂಪಿ ಪ್ರಾಧಿಕಾರದ ವ್ಯಾಪ್ತಿಯಲ್ಲೇ ಇದೆ.

ಮೂರು ಚಕ್ರದ ಸೈಕಲ್, ಕೈಯಲ್ಲಿ ತುಳಿಯುವ ಸೈಕಲ್ ತರುವವರಿಗೆ ಬಂಡಿದಾರಿ ಸರಿಹೊಂದುತ್ತದೆ. ಆದರೆ ವಾಹನ ತಡೆಯಲು ನೆಟ್ಟ ಕಲ್ಲುಗಳ ನಡುವಿನ ಅಂತರವನ್ನು ಟೇಪಿನಿಂದ ಅಳೆದು ನೋಡಿಕೊಂಡಿರಿ. 90 ಸೆಂಟಿಮೀಟರ್ ಬೇಕು. ಬಂಡಿಜಾಡು ಆಳವಾಗಿರುವಲ್ಲಿ ಮೂರು ಚಕ್ರದ್ದು ಓರೆಯಾಗುತ್ತದೆ, ಒಬ್ಬರು ಪಕ್ಕದಲ್ಲಿ ನಡೆಯಬೇಕು. ದೃಷ್ಟಿ ಇಲ್ಲದವರು ಇಬ್ಬರ ಸೈಕಲ್ಲಿನಲ್ಲಿ ಹಿಂದೆ ಕೂತರೆ, ಮುಂದಿನವರು ಪ್ರತಿ ಗುಂಡಿಗೂ, ಗೇರಿಗೂ ಮುಂಚೆ ಬಾಯಿಬಿಟ್ಟು ಹೇಳಬೇಕು. ಬ್ಯಾಟರಿ ಸೈಕಲ್ ಏರಿಗೆ ವರ. ಪೈಪು, ತೂಬು ದಾಟಿಸಲು ಮಾತ್ರ ಎತ್ತುವವರು ಇಬ್ಬರು ಬೇಕು.

ಎಂಟು ಜನಕ್ಕೆ ಮುಂದೊಬ್ಬರು, ಹಿಂದೊಬ್ಬರು. ಕವಲು ಬಂದಾಗಲೆಲ್ಲ ಕೊನೆಯವರು ಕಾಣುವವರೆಗೆ ಎಲ್ಲರೂ ನಿಲ್ಲಬೇಕು. ಗಂಟೆಗೆ ಅರ್ಧ ಲೀಟರ್ ನೀರು, ಫೆಬ್ರುವರಿ ದಾಟಿದರೆ ಮುಕ್ಕಾಲು ಲೀಟರ್. ಈ ಗುಡ್ಡಗಳಲ್ಲಿ ಕರಡಿ, ಚಿರತೆ ಇವೆ. ನದಿಯ ಆಚೆ ದಡದ ದರೋಜಿಯಲ್ಲಂತೂ 1994ರಿಂದ ಕರಡಿಧಾಮವೇ ಇದೆ. ಅವು ಓಡಾಡುವುದು ಮುಂಜಾವಿನ ಮಬ್ಬಿನಲ್ಲಿ, ಸಂಜೆಯ ಮಬ್ಬಿನಲ್ಲಿ. ಆದ್ದರಿಂದ ಪೂರ್ತಿ ಬೆಳಕು ಹರಿದ ಮೇಲೆ ಹೊರಡುತ್ತೇವೆ, ಸಂಜೆ ಐದಕ್ಕೆ ಊರಲ್ಲಿರುತ್ತೇವೆ.

ಊರು ಸೇರಿದ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ. ಸೈಕಲ್ ತಲೆಕೆಳಗು ಮಾಡಿ, ಟಾರ್ಚ್ ಬೆಳಕಿನಲ್ಲಿ ಎರಡೂ ಟೈರನ್ನು ನಿಧಾನ ತಿರುಗಿಸಿ ಮುಳ್ಳು ಕೀಳುವುದು. ಅರ್ಧ ಚುಚ್ಚಿಕೊಂಡ ಮುಳ್ಳು ಇನ್ನೂ ಟ್ಯೂಬ್ ಮುಟ್ಟಿರುವುದಿಲ್ಲ. ರಾತ್ರಿಯೇ ಕಿತ್ತರೆ ಅಲ್ಲಿಗೆ ಮುಗಿಯಿತು, ಬಿಟ್ಟರೆ ಮರುದಿನ ಮೊದಲ ಕಿಲೋಮೀಟರಿನಲ್ಲೇ ಒಳಗಿಳಿಯುತ್ತದೆ.