ಗೆಣ್ಣು ಮಡಚಿದರೂ ಬಿಡದ ಜೆಲ್

ನನ್ನ ಪಿಎಚ್‌ಡಿ ವಿಷಯ ಗಾಯಕ್ಕೆ ಅಂಟುವ, ಎಳೆದರೆ ಹಿಗ್ಗುವ ಹೈಡ್ರೋಜೆಲ್. ಪಾಲಿಮರ್ ಎಳೆಗಳ, ಅಂದರೆ ಸರಪಳಿಯಂಥ ಉದ್ದ ಅಣುಗಳ, ಬಲೆಯಲ್ಲಿ ಹಿಡಿದಿಟ್ಟ ನೀರು ಅಂದರೆ ಆಯ್ತು. ಗಾಯ ಒಣಗಬೇಕು ಅಂತ ನಮ್ಮಲ್ಲಿ ಈಗಲೂ ಹೇಳುತ್ತಾರೆ, ಅಲ್ವಾ? ಹಸಿಯಾಗಿಟ್ಟ ಗಾಯದ ಮೇಲೆ ಹೊಸ ಚರ್ಮ ಬೇಗ ಹರಡುತ್ತದೆ ಎಂದು ಜಾರ್ಜ್ ವಿಂಟರ್ ಎಂಬ ವಿಜ್ಞಾನಿ 1962ರಲ್ಲೇ ಹಂದಿಗಳಲ್ಲಿ ತೋರಿಸಿದ್ದರು.

ನಾನು ಕಾರವಾರದವಳು. ಬೈತಖೋಲ ಬಂದರಿನಲ್ಲಿ ಮೀನಿನ ಮುಳ್ಳು ಚುಚ್ಚಿದ, ಹಗ್ಗ ಕೊಯ್ದ ಕೈಗಳನ್ನು ನೋಡುತ್ತ ಬೆಳೆದೆ. "ಪಟ್ಟಿ ಹಚ್ಚಿ ಬಲೆಗೆ ಕೈ ಹಾಕಿದ್ರೆ ಮುಗೀತು ತಂಗಿ, ಎದ್ದೇ ಬರ್ತದೆ" ಎನ್ನುತ್ತಾರೆ ಅಲ್ಲಿನ ಮೀನುಗಾರರು. ಬೆರಳು ಮಡಚಿದಾಗ ಗೆಣ್ಣಿನ ಚರ್ಮ ಹಿಗ್ಗುತ್ತದೆ, ಪಟ್ಟಿ ಹಿಗ್ಗುವುದಿಲ್ಲ. ಮೇಲೆ ಉಪ್ಪುನೀರು ಬೇರೆ.

ಹಿಗ್ಗುವ ವಿಷಯದಲ್ಲಿ ಅಕ್ರಿಲಮೈಡ್ ಜೆಲ್ ಗಟ್ಟಿಗ. 2012ರಲ್ಲಿ ಕಡಲಪಾಚಿಯಿಂದ ಸಿಗುವ ಆಲ್ಜಿನೇಟ್ ಸೇರಿಸಿ ಮಾಡಿದ್ದು 20 ಪಟ್ಟು ಉದ್ದ ಹಿಗ್ಗಿತ್ತು. ಆದರೆ ಜೆಲ್ ಆಗದೆ ಉಳಿದ ಅಕ್ರಿಲಮೈಡ್ ನರಗಳಿಗೆ ವಿಷ. ತೆರೆದ ಗಾಯದ ಹತ್ತಿರ ಅದು ನನಗೆ ಬೇಡವಾಗಿತ್ತು. ಹಾಗಾಗಿ ಪಾಲಿವಿನೈಲ್ ಆಲ್ಕೋಹಾಲ್ ಎಂಬ ಪಾಲಿಮರ್ ಹಿಡಿದೆ. ಬಿಸಿನೀರಲ್ಲಿ ಕರಗಿಸಿ, ಅಚ್ಚಿಗೆ ಹೊಯ್ದು, ಮೈನಸ್ 20 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿ, ಕರಗಲು ಬಿಟ್ಟು, ಮತ್ತೆ ಹೆಪ್ಪುಗಟ್ಟಿಸಬೇಕು. ಎಳೆಗಳ ನಡುವೆ ಸಣ್ಣ ಸಣ್ಣ ಹರಳು ಕೂತು ಗಂಟು ಬೀಳುತ್ತದೆ. ಗಂಟು ಹಾಕಲು ಬೇರೆ ರಾಸಾಯನಿಕ ಬೇಕಿಲ್ಲ.

ಅಂಟಿಗೆ ಟ್ಯಾನಿಕ್ ಆಸಿಡ್. ಶಿರಸಿ ಕಡೆಯವರಿಗೆ ಅಡಿಕೆಯ ಚೊಗರು, ಅಂದರೆ ಅಡಿಕೆ ಬೇಯಿಸಿದ ಕೆಂಪು ನೀರು, ಗೊತ್ತು. ಅದರಲ್ಲಿರುವುದೂ ಟ್ಯಾನಿನ್ ಜಾತಿಯದೇ. ಎಳೆ ಅಡಿಕೆ ಅಗಿದರೆ ಬಾಯಿ ಒಗರಾಗುವುದು ಟ್ಯಾನಿನ್ ಜೊಲ್ಲಿನ ಪ್ರೋಟೀನನ್ನು ಹಿಡಿದುಕೊಳ್ಳುವುದರಿಂದ. ಚರ್ಮದ ಪ್ರೋಟೀನನ್ನೂ ಅದು ಹಾಗೇ ಹಿಡಿಯುತ್ತದೆ. ಆದರೆ ಪಾಲಿಮರ್ ದ್ರಾವಣಕ್ಕೆ ನೇರ ಸುರಿದರೆ ತಕ್ಷಣ ಗಂಟುಗಂಟಾಗುತ್ತದೆ. ಅದಕ್ಕೇ ಮೊದಲು ಜೆಲ್ ಮಾಡಿ, ಆಮೇಲೆ ಆಸಿಡ್ ದ್ರಾವಣದಲ್ಲಿ ನೆನೆಸುತ್ತೇನೆ.

ಎಷ್ಟು ಹೊತ್ತು ನೆನೆಸಬೇಕು ಅನ್ನುವುದರಲ್ಲೇ ಕೆಲಸವೆಲ್ಲ ಇರುವುದು. ಜಾಸ್ತಿ ನೆನೆದರೆ ತುಂಡು ಕುಗ್ಗಿ, ಕಂದು ಬಣ್ಣಕ್ಕೆ ತಿರುಗಿ, ಚಪ್ಪಲಿಯ ರಬ್ಬರಿನಂತೆ ಬಿರುಸಾಗುತ್ತದೆ. ಒದ್ದೆ ಹಂದಿ ಚರ್ಮಕ್ಕೆ ಒತ್ತಿ, ಚರ್ಮವನ್ನು ಮಡಚಿ ನೋಡುತ್ತೇನೆ. ಬಿರುಸಾದದ್ದು ಅಂಚಿನಿಂದಲೇ ಏಳುತ್ತದೆ. ಮೆತ್ತಗಿನದು ಚರ್ಮದ ಜೊತೆಗೇ ಬಾಗುತ್ತದೆ. ಯಂತ್ರದಲ್ಲಿ ಎಳೆದಾಗ ಬರುವ ದೊಡ್ಡ ಅಂಕಿಗಿಂತ ನನಗೆ ಈ ಮಡಚುವ ಪರೀಕ್ಷೆಯೇ ಮುಖ್ಯ. ಕಿತ್ತಾಗ ಹೊಸ ಚರ್ಮವನ್ನೂ ಕಿತ್ತು ತರುವ ಅಂಟು ಯಾರಿಗೆ ಬೇಕು?

ಕರಾವಳಿಯಲ್ಲಿ ಇದನ್ನು ಮಾಡುವವರು ತೇವಾಂಶವನ್ನೂ ಬರೆದಿಟ್ಟುಕೊಳ್ಳಿ. ಮಳೆಗಾಲದ ಜೆಲ್ಲೇ ಬೇರೆ, ಚಳಿಗಾಲದ್ದೇ ಬೇರೆ.

ಈಗ ಸಿದ್ಧವಾದ ಜೆಲ್ ನೆನೆಸಿಟ್ಟ ದ್ರವದಲ್ಲಿ ಇಲಿಯ ಜೀವಕೋಶ ಬೆಳೆಸಿ ನೋಡುವ ಹಂತದಲ್ಲಿದ್ದೇನೆ. ಆಸಿಡ್ ಜಾಸ್ತಿ ಸೋರಿದರೆ ಕೋಶಗಳು ಸಾಯುತ್ತವೆ. ಅದಕ್ಕೇ ಆಸಿಡ್‌ನಲ್ಲಿ ನೆನೆಸಿದ ಮೇಲೆ ನೀರಲ್ಲಿ ಚೆನ್ನಾಗಿ ತೊಳೆಯುವ ಕೆಲಸವೂ ಸೇರಿಕೊಂಡಿದೆ.