ಶಾಲು ನಿಲ್ಲಿಸಿ ಕೂಲಿ ಕೊಟ್ಟ ಮೇಲೆ ನಡೆದ ಮ್ಯೂಸಿಯಂ

"ರೇಷ್ಮೆಗೂಡಿನ ಮಾರ್ಕೆಟ್‌ಗೆ ಬರೋರಿಗೆ ಟೀ ಕುಡಿಯೋಕೇ ಪುರುಸೊತ್ತಿಲ್ಲ, ನಿಮ್ಮ ಮ್ಯೂಸಿಯಂಗೆ ಯಾರ್ ಬರ್ತಾರೆ ಮೇಷ್ಟ್ರೇ?" ಅಂತ ಶಿಡ್ಲಘಟ್ಟದಲ್ಲಿ ನನ್ನನ್ನು ಕೇಳದವರಿಲ್ಲ. ಹಾಗೆ ಕೇಳಿದವರಲ್ಲಿ ಅರ್ಧ ಜನ ಈಗ ಮಕ್ಕಳನ್ನು ಕರೆದುಕೊಂಡು ಬಂದು ಮುಂದಿನ ಸಾಲಲ್ಲೇ ಕೂರುತ್ತಾರೆ. ಹಾಗಾಗಿ ಇನ್ನು ಬರೆಯಬಹುದು ಅನ್ನಿಸಿತು. ಸಣ್ಣ ಊರಲ್ಲಿ ಹಳೇ ಸಾಮಾನು ಜೋಡಿಸಿಟ್ಟುಕೊಂಡು ಕೂತಿರುವ ನನ್ನಂಥವರಿಗಾಗಿ ಇದು. ಲೇಬಲ್ಲು, ರಿಜಿಸ್ಟರು ನಿಮಗೆ ಗೊತ್ತಿರುವುದೇ, ಅದನ್ನೆಲ್ಲ ಬಿಟ್ಟಿದ್ದೇನೆ.

ನಮ್ಮದು ಹಳೇ ಫಿಲೇಚರ್ ಶೆಡ್ಡು. ಗೂಡಿನಿಂದ ರೇಷ್ಮೆ ನೂಲು ಬಿಚ್ಚುವುದು ನಿಂತ ಮೇಲೆ ಮಾಲೀಕರು ಬಾಡಿಗೆ ಕೇಳದೆ ಬಿಟ್ಟುಕೊಟ್ಟರು. ಒಳಗೆ ಚರಕ, ಕೊಳಗ, ತಮಟೆ, ಜೊತೆಗೆ ಬಾಗೇಪಲ್ಲಿಯ ಗಡಿ ಕಡೆಯ, ಗೊಂಬೆಯಾಟ ಆಡಿಸುವ ಶಿಳ್ಳೇಕ್ಯಾತ ಮನೆತನವೊಂದು ನಂಬಿ ಕೊಟ್ಟ ನಲವತ್ತರಷ್ಟು ತೊಗಲುಗೊಂಬೆ. ಮೊದಲಿಗೆ ನಾವೂ ಎಲ್ಲರಂತೆಯೇ ನಡೆಸಿದೆವು. ಗಾಜಿನ ಪೆಟ್ಟಿಗೆ, ಮೇಲೊಂದು ಸ್ಪಾಟ್‌ಲೈಟು, ಫೆಬ್ರವರಿ 28ಕ್ಕೆ ವಿಜ್ಞಾನ ದಿನ, ಒಬ್ಬ ಸಂಪನ್ಮೂಲ ವ್ಯಕ್ತಿ, ಕಲಾವಿದರಿಗೆ ಸನ್ಮಾನ. ಮಕ್ಕಳು ಬಿಸ್ಕತ್ತಿಗಾಗಿ ಬಂದು ಬಿಸ್ಕತ್ತು ಮುಗಿದ ಮೇಲೆ ಹೋದರು.

ಸನ್ಮಾನದ ಲೆಕ್ಕ ನೋಡಿ. ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ, ಫ್ಲೆಕ್ಸು ಎಲ್ಲ ಸೇರಿ ಮೂರು ಸಾವಿರದ ಮೇಲೆ. ಕಲಾವಿದರ ಕೈಗೆ ಐನೂರು ಮತ್ತು ಬಸ್ ಚಾರ್ಜು. ಗೊಂಬೆ ಮನೆತನದ ತಾತ ಒಂದು ಸಲ ನಗುತ್ತಲೇ ಅಂದರು: "ಮನೇಲಿ ಶಾಲು ಗುಡ್ಡೆ ಬಿದ್ದೈತೆ ಸ್ವಾಮಿ. ಅಂಗಡಿಯೋನು ಶಾಲು ಇಸ್ಕೊಂಡು ಅಕ್ಕಿ ಕೊಡಲ್ಲ." ಅಲ್ಲಿಗೆ ಶಾಲು ನಿಂತಿತು. ಇಬ್ಬರು ಕಲಾವಿದರಿಗೆ ದಿನಕ್ಕೆ ಸಾವಿರದ ಐನೂರು, ಊಟ, ಪ್ರಯಾಣ ಬೇರೆ. ದುಡ್ಡು ಕೆಲಸಕ್ಕೆ ಮುಂಚೆ. ಭಾಷಣ ಇಲ್ಲ. ಅವರು ಕಲಿಸುವವರು, ನಾವು ಕಲಿಯುವವರು. ಮ್ಯೂಸಿಯಂ ನಡೆಸುವ ನಮ್ಮ ಟ್ರಸ್ಟಿನಲ್ಲಿ ಇಬ್ಬರು "ಹಿಂಗಾದ್ರೆ ಆರು ತಿಂಗಳಲ್ಲಿ ಬಾಗಿಲು ಹಾಕ್ತೀರ" ಅಂತ ಎದ್ದು ಹೋದರು. ಅನುದಾನಕ್ಕೂ ಅಲೆದೆ. ಕಲೆಯ ಕಡೆಯವರು ಇದು ವಿಜ್ಞಾನ ಅಂದರು, ವಿಜ್ಞಾನದ ಕಡೆಯವರು ಇದು ಜಾನಪದ ಅಂದರು. ಆ ಫೈಲು ಈಗಲೂ ಎಲ್ಲೋ ಕೂತಿದೆ.

ಕೆಲಸ ಶುರುವಾದದ್ದು ದೀಪದಿಂದ. ಪರದೆಯ ಮೇಲೆ ಗೊಂಬೆಯ ನೆರಳು ಬೀಳಿಸಲು ಮೊದಲೆಲ್ಲ ಹರಳೆಣ್ಣೆ ದೀಪ, ಆಮೇಲೆ ನೂರು ವಾಟ್ ಬಲ್ಬು, ಈಗ ಎಲ್ಲ ಕಡೆ ಹಾಲುಬಣ್ಣದ ಎಲ್‌ಇಡಿ. ತಾತನ ದೂರು ಒಂದೇ: "ಬೆಳಕು ಜಾಸ್ತಿ, ಗೊಂಬೆ ಮಂಕು." ಗೊಂಬೆ ಪರದೆಗೆ ಒತ್ತಿದ್ದರೆ ಸರಿ, ಒಂದಡಿ ಹಿಂದಕ್ಕೆ ಬಂದರೆ ಅಂಚೆಲ್ಲ ಕದಡುತ್ತದೆ. ದೀಪದ ಮೈ ದೊಡ್ಡದಾದಷ್ಟೂ ಅರೆನೆರಳು (ಅಂಚಿನ ಮಸುಕು) ಅಗಲ, ಅಷ್ಟೇ ವಿಷಯ. ಎರಡೂವರೆ ಇಂಚಿನ ಬಲ್ಬು ಗೊಂಬೆಯಿಂದ ಮೂರಡಿ ದೂರ, ಗೊಂಬೆ ಪರದೆಯಿಂದ ಒಂದಡಿ ಅಂದರೆ ಹತ್ತಿರಹತ್ತಿರ ಒಂದಿಂಚು ಅಂಚು ಹೋಯಿತು. ರಾವಣನ ಮೂಗು ಉಳಿಯುವುದಿಲ್ಲ.

ಎಲ್‌ಇಡಿಯ ಬಿಳಿ ಬುರುಡೆ ಕಿತ್ತು ನೋಡಿದೆವು. ಒಳಗಿನ ಒಂದೊಂದು ಚಿಪ್ಪೂ ಒಂದೊಂದು ದೀಪ, ಹನುಮಂತನಿಗೆ ಏಳೆಂಟು ಬಾಲ ಬಂತು. (ನೀವು ಇದನ್ನು ಮಾಡಬೇಡಿ, ಒಳಗಿನ ತಟ್ಟೆ ಶಾಕ್ ಹೊಡೆಯುತ್ತದೆ.) ಮೊಬೈಲ್ ಟಾರ್ಚು ಚೂಪು, ಆದರೆ ಎಂಟಡಿ ಪರದೆಗೆ ಸಾಲದು. ಕೊನೆಗೆ ಗೆದ್ದದ್ದು ಹಳೇ ಬೈಕಿನ ಹೆಡ್‌ಲೈಟ್ ಬಲ್ಬು, 35 ವಾಟಿನದು, ಬುರುಡೆಯ ಕನ್ನಡಿ ಇಲ್ಲದೆ ಬರೀ ಬಲ್ಬು. ಒಳಗಿನ ತಂತಿ ಅಕ್ಕಿಕಾಳಿನಷ್ಟೂ ಇಲ್ಲ. ಬಲ್ಬಿಗೆ ಎಂಬತ್ತು ರೂಪಾಯಿ, ಬ್ಯಾಟರಿಗೆ ಸಾವಿರದ ಚಿಲ್ಲರೆ, ಕರೆಂಟು ಹೋದರೂ ಎರಡು ಗಂಟೆ ಆಟ. ಬಲ್ಬನ್ನು ಯಾವ ಕಡೆಗೆ ತಿರುಗಿಸಿ ನಿಲ್ಲಿಸಬೇಕು ಅನ್ನುವುದರಲ್ಲಿ ಒಂದು ಕೈಚಳಕ ಇದೆ, ಅದನ್ನು ಬರೆಯುವುದಿಲ್ಲ. ತಾತ ಚರ್ಮ ಹದ ಮಾಡುವ ಬಗೆಯನ್ನೂ ಬರೆಯುವುದಿಲ್ಲ, ಅದು ಅವರ ಮನೆತನದ್ದು.

ಇದರ ನಡುವೆ ಮಕ್ಕಳು ಬಣ್ಣದ ಕಾಗದಕ್ಕೆ ಕೈ ಹಾಕಿದರು. ಕೆಂಪು ಬೆಳಕಿನಲ್ಲಿ ಗೊಂಬೆಯ ಕೆಂಪು ಬಣ್ಣ ಮಾಯ, ಹಸಿರು ಬಣ್ಣ ಕಪ್ಪು. ಬೆಳಕು ಹಸಿರಾದರೆ ತಲೆಕೆಳಗು. ಎರಡನ್ನೂ ಒಂದೇ ತೊಗಲಿನ ಮೇಲೆ ಬರೆದು, ಸಾಧುವಿನ ಮುಖ ರಾಕ್ಷಸನಾಗುವ ಹಾಗೆ ಮಾಡಿದರು. ತಾತನಿಗೆ ಇದು ಅಷ್ಟು ಹಿಡಿಸಲಿಲ್ಲ, "ಸಿನಿಮಾ ಆಯ್ತು" ಅಂದರು. ನನಗೆ ಹಿಡಿಸಿತು.

ಗೊಂಬೆಗಳನ್ನು ಉಳಿಸಿದವರು ಸ್ತ್ರೀಶಕ್ತಿ ಸಂಘದ ಹೆಂಗಸರು. ಮಳೆಗಾಲದಲ್ಲಿ ತೊಗಲು ಸುರುಟಿಕೊಂಡು ಬೂಸ್ಟು ಹತ್ತುತ್ತಿತ್ತು. ಸ್ಪಾಟ್‌ಲೈಟಿನ ಕಾವಿಗೆ ಬೇಸಿಗೆಯಲ್ಲಿ ಬಿರುಕು. ನಾನು ಪುಸ್ತಕ ಹುಡುಕುತ್ತಿದ್ದಾಗ, ಚಾಕಿ (ಎಳೆಯ ರೇಷ್ಮೆಹುಳ) ಸಾಕುವ ಅಕ್ಕ ಒಬ್ಬರು ತಮ್ಮ ಮನೆಯ ಒಣ-ಹಸಿ ಥರ್ಮಾಮೀಟರ್ ತಂದು ಗೋಡೆಗೆ ನೇತುಹಾಕಿದರು. ನಮ್ಮ ತಾಲೂಕಿನಲ್ಲಿ ಗಾಳಿಯ ತೇವ ಓದುವುದನ್ನು ಬಿಎಸ್ಸಿ ಹುಡುಗರಿಗಿಂತ ಇವರು ಚೆನ್ನಾಗಿ ಬಲ್ಲರು. ಚಾಕಿ ಹುಳಕ್ಕೆ ಶೇ. 85-90 ತೇವ ಬೇಕು, ದೊಡ್ಡ ಜ್ವರದ (ಹುಳ ಕೊನೆಯ ಸಲ ಪೊರೆ ಬಿಡುವ) ಹೊತ್ತಿಗೆ 70ಕ್ಕೆ ಇಳಿಸುತ್ತಾರೆ. ತೊಗಲಿಗೆ ಐವತ್ತರ ಆಸುಪಾಸು ಸಾಕು ಅಂದೆ, ಅಷ್ಟೇ. ಹುಳದ ಮನೆಯಲ್ಲಿ ತೇವ ಏರಿಸಲು ಗೋಣಿ ಒದ್ದೆ ಮಾಡುವ ಕೈಗಳು ಇಲ್ಲಿ ಉಲ್ಟಾ ಕೆಲಸ ಮಾಡಿದವು. ತೇವ ಹೀರಲಿ ಅಂತ ಸುಣ್ಣದ ಪುಡಿ ಹಾಕೋಣ ಅಂದರು, ಧೂಳು ತೊಗಲನ್ನು ತಿನ್ನುತ್ತದೆ ಅಂತ ನಾನು ಒಪ್ಪಲಿಲ್ಲ. ಅದೇ ಕೆಲಸಕ್ಕೆ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಹರಳು ತಂದು, ಬಣ್ಣ ತಿರುಗಿದಾಗ ಅದನ್ನು ಸಣ್ಣ ಉರಿಯಲ್ಲಿ ಹುರಿದು ಮತ್ತೆ ಇಡುತ್ತೇವೆ. ಅದಕ್ಕೇ ಬೇರೆ ಬಾಣಲೆ, ಅಡುಗೆಗೆ ವಾಪಸ್ ಹೋಗಬಾರದು. ಸ್ಪಾಟ್‌ಲೈಟು ತೆಗೆದು ಗುಜರಿಗೆ ಹಾಕಿದೆ. ನೋಡಿಕೊಳ್ಳುವ ಅಕ್ಕನಿಗೆ ತಿಂಗಳಿಗೆ ಎರಡು ಸಾವಿರ.

ತಮಟೆಯವರು ಬಂದದ್ದು ಈ ತೇವದ ಮಾತು ಕೇಳಿಯೇ. ನಮ್ಮ ತಾಲೂಕಿನ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದ ಮೇಲೆ ಹುಡುಗರಲ್ಲಿ ಹುರುಪು ಇತ್ತು. ತಮಟೆಯನ್ನು ಬೆಂಕಿಗೆ ಕಾಯಿಸುವ ಮುಂಚೆ, ಕಾಯಿಸಿದ ಮೇಲೆ ಮೊಬೈಲ್ ಆ್ಯಪಿನಲ್ಲಿ ನಾದ ಅಳೆದರು. ಚರ್ಮ ಒಣಗಿ ಬಿಗಿಯಾದಷ್ಟೂ ನಾದ ಮೇಲಕ್ಕೆ. ಮೋಡದ ದಿನ ಎಷ್ಟು ಹೊತ್ತಿಗೆ ಸಡಿಲ ಬೀಳುತ್ತದೆ ಅಂತ ಈಗಲೂ ಬರೆದಿಡುತ್ತಿದ್ದಾರೆ. ಅದು ಮುಗಿದಿಲ್ಲ, ಇಲ್ಲಿಗೆ ಬಿಡುತ್ತೇನೆ.

ಜನ ನಂಬಿದ್ದು 2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣದ ರಾತ್ರಿ. ಮೂಢನಂಬಿಕೆಗಳನ್ನು ಪ್ರಶ್ನಿಸಿದ ವಿಚಾರವಾದಿ ಎಚ್. ನರಸಿಂಹಯ್ಯನವರು ಹುಟ್ಟಿದ ಜಿಲ್ಲೆಯಲ್ಲೇ ಗ್ರಹಣ ಅಂದರೆ ನೀರಿನ ಕೊಡಕ್ಕೆ ಗರಿಕೆ ಹಾಕಿ ಬಾಗಿಲು ಮುಚ್ಚುವವರು ಬೇಕಾದಷ್ಟು. ಅವತ್ತು ಆಟ ಇಟ್ಟರೆ ನಾಯಿಯೂ ಬರಲ್ಲ ಅಂದರು. ಶೆಡ್ಡಿನ ಅಂಗಳದಲ್ಲಿ ಎರಡು ಬಿಳಿ ಪಂಚೆ ಹೊಲಿದು ಪರದೆ ಕಟ್ಟಿ, ಹತ್ತು ಗಂಟೆಯ ಹೊತ್ತಿಗೆ ರಾಹುವಿನ ಕಥೆ ಶುರು ಮಾಡಿದೆವು. ಮೋಡ ಬಂದು ಹೋಗಿ ಆಟ ಆಡಿಸುತ್ತಿತ್ತು. ಮೊದಲು ಇಪ್ಪತ್ತು ಜನ, ಹನ್ನೊಂದಕ್ಕೆ ಚಂದ್ರ ಪೂರ್ತಿ ಮುಚ್ಚುವಾಗ ಇನ್ನೂರು ಇರಬಹುದು. ತಮಟೆ ಕೇಳಿ ಬಂದವರೇ ಹೆಚ್ಚು.

ತಾತ ಮೇಲೆ ನೋಡಿ ಕೇಳಿದ್ದು ನನ್ನ ಸರ್ವಿಸ್ಸಿನಲ್ಲಿ ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. "ನೆರಳಿನ ಅಂಚು ಮಾಸೈತಲ್ಲ. ಹಂಗಾದ್ರೆ ಸೂರ್ಯನ ದೀಪಾನೂ ದೊಡ್ಡ ಬಲ್ಬೇ ಅಲ್ವಾ?" ಹೌದು ತಾತ ಅಂದೆ. ಚಂದ್ರ ಕೆಂಪಾದಾಗ ಅವರೇ ಮುಂದುವರಿಸಿದರು: "ರಟ್ಟಿನ ಗೊಂಬೆಗೆ ಕಪ್ಪು ನೆರಳು, ತೊಗಲಿಗೆ ಬಣ್ಣದ ನೆರಳು. ಭೂಮಿ ಅಂಚಿಗೆ ಏನೋ ತೊಗಲೈತೆ." ಆ ತೊಗಲೇ ಗಾಳಿ. ಮರುವಾರ ರಟ್ಟಿನ ಬಿಲ್ಲೆಗೆ ಕೆಂಪು ತೊಗಲಿನ ಅಂಚು ಹೊಲಿದು ಮಾದರಿ ಮಾಡಿದೆವು. ಗಾಳಿ ಬೆಳಕನ್ನು ಬಾಗಿಸಿ ಒಳಕ್ಕೆ ತರುವುದು ಇದರಲ್ಲಿ ಕಾಣುವುದಿಲ್ಲ, ಅದಕ್ಕೆ ನೀರು ತುಂಬಿದ ದುಂಡು ಬಾಟಲಿ ಬೇರೆ ಇಟ್ಟಿದ್ದೇವೆ.

ಆ ವರ್ಷ ಒಟ್ಟು ಖರ್ಚು ತೊಂಬತ್ತು ಸಾವಿರದ ಹತ್ತಿರ, ಅದರಲ್ಲಿ ಮುಕ್ಕಾಲು ಪಾಲು ಕೂಲಿ. ಶಾಲೆಗಳಿಂದ ಆಟಕ್ಕೆ ಎರಡೂವರೆ ಸಾವಿರ, ಹೆಂಗಸರು ಕೊರೆದ ಸಣ್ಣ ಗೊಂಬೆಗೆ ಮುನ್ನೂರೈವತ್ತು, ಟಿಕೆಟ್ಟು ಇಪ್ಪತ್ತು. ನಾಲ್ಕೈದು ಸಾವಿರ ಕೈ ಕಚ್ಚಿತು, ಬಾಗಿಲಂತೂ ಹಾಕಲಿಲ್ಲ. ಎದ್ದು ಹೋದ ಇಬ್ಬರಲ್ಲಿ ಒಬ್ಬರು ವಾಪಸ್ ಬಂದಿದ್ದಾರೆ. 2027ರ ಆಗಸ್ಟ್ 2ರ, ನಮ್ಮಲ್ಲಿ ಪಾರ್ಶ್ವವಾಗಿ ಕಾಣುವ ಸೂರ್ಯಗ್ರಹಣಕ್ಕೆ ಈಗಲೇ ಎರಡು ಶಾಲೆ ಹೆಸರು ಬರೆಸಿವೆ. ಬಲ್ಬು ನಿಲ್ಲಿಸುವ ಕೈಚಳಕ ಬೇಕಾದವರು ಶೆಡ್ಡಿಗೆ ಬನ್ನಿ, ತೋರಿಸುತ್ತೇನೆ. ತಾತನ ಒಂದು ದಿನದ ಕೂಲಿ ಮೊದಲು ಮೇಜಿನ ಮೇಲೆ ಇಡಬೇಕು.